ಸುಂಕದ ಸಾಲು 1901.10

ಮೇ 14, 2022, ಶನಿವಾರ
ಎಡಿಸನ್, ನ್ಯೂಜೆರ್ಸಿ

ಇವತ್ತು ಮಗುವಿನ ಹಾಲಿನ ಪುಡಿಗಾಗಿ ಐದು ಅಂಗಡಿ ಸುತ್ತಿದೆವು. ಮೂರರಲ್ಲಿ ಕಪಾಟು ಖಾಲಿ. ಒಂದರಲ್ಲಿ ವರ್ಷ ತುಂಬಿದ ಮಕ್ಕಳ ಡಬ್ಬಿ ಮಾತ್ರ. ಕೊನೆಯದರಲ್ಲಿ ಗಾಜಿನ ಬೀರುವಿಗೆ ಬೀಗ ಹಾಕಿ, ಒಬ್ಬರಿಗೆ ಎರಡೇ ಎಂದು ಚೀಟಿ ಅಂಟಿಸಿದ್ದರು. ಅಳಿಯ ಒಂದು ಸಾಲಿನಲ್ಲಿ, ನಾನು ಇನ್ನೊಂದು ಸಾಲಿನಲ್ಲಿ, ಪರಿಚಯವೇ ಇಲ್ಲದವರ ಹಾಗೆ ನಿಂತೆವು. ನಾಲ್ಕು ಡಬ್ಬಿ ಸಿಕ್ಕಿತು. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಮೂವತ್ತೆರಡು ವರ್ಷ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ದುಡಿದವನು ನಾನು. ಇಷ್ಟು ಸಣ್ಣ ಸುಳ್ಳಿಗೆ ಮುಖ ಕೆಡುವುದಿಲ್ಲ.

ಬಂದದ್ದು ಮಗಳ ಬಾಣಂತನಕ್ಕೆ. ಇವಳಿಗೆ, ನನ್ನ ಹೆಂಡತಿಗೆ, ಕೈತುಂಬ ಕೆಲಸ: ಮೆಂತೆ ಗಂಜಿ, ಬೆಳ್ಳುಳ್ಳಿ, ಎಣ್ಣೆ ಸ್ನಾನ. ನನಗೆ ಡಬ್ಬಿ ಹುಡುಕುವ ಕೆಲಸ. ಮಗಳಿಗೆ ಹಾಲು ಸಾಲುವುದಿಲ್ಲ. ಮೆಂತೆ ಗಂಜಿಯೂ ಸೋತಿದೆ. ಅದನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪುಟ್ಟಿ ಹುಟ್ಟಿ ಇಪ್ಪತ್ತು ದಿನ, ಅತ್ತರೆ ಮಾತ್ರ ಬಹಳ ಗಟ್ಟಿ.

ಫೆಬ್ರವರಿ 17ರಂದು ಅಬಾಟ್ ಕಂಪನಿ ಮಿಶಿಗನ್ ರಾಜ್ಯದ ಸ್ಟರ್ಜಿಸ್ ಎಂಬ ಸಣ್ಣ ಊರಿನ ಕಾರ್ಖಾನೆಯ ಪುಡಿಯನ್ನು ವಾಪಸು ಕರೆಸಿಕೊಂಡಿತು. ನಾಲ್ಕು ಕೂಸುಗಳಿಗೆ ಕ್ರೋನೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯ ಸೋಂಕು ಆಗಿ, ಎರಡು ತೀರಿಕೊಂಡಿದ್ದವು. ಅದು ತಮ್ಮ ಪುಡಿಯಿಂದಲೇ ಬಂತೆಂದು ರುಜುವಾತಾಗಿಲ್ಲ ಎನ್ನುತ್ತದೆ ಕಂಪನಿ. ಆದರೆ ಕಾರ್ಖಾನೆಯ ಒಳಗೆ ಆ ಜೀವಿ ಸಿಕ್ಕಿದ್ದು ನಿಜ, ಕಾರ್ಖಾನೆ ಮುಚ್ಚಿದ್ದೂ ನಿಜ. ಒಂದು ಕಾರ್ಖಾನೆ ಮುಚ್ಚಿದ್ದಕ್ಕೆ ಇಷ್ಟು ದೊಡ್ಡ ದೇಶ ಡಬ್ಬಿಗಾಗಿ ಪರದಾಡುವುದೆಂದರೆ ಏನು ಮಾರಾಯ!

"ದನದ ಹಾಲಿಗೆ ನೀರು ಬೆರೆಸಿ ಕೊಟ್ಟರೆ ಆಗದಾ? ನಮ್ಮ ಕಾಲದಲ್ಲಿ ಕೊಡಲಿಲ್ಲವಾ?" ಎಂದಳು ಇವಳು. ಖಂಡಿತ ಬೇಡ ಎಂದು ಮಕ್ಕಳ ಡಾಕ್ಟರು ಮೊದಲೇ ಹೇಳಿಯಾಗಿದೆ. ನಮ್ಮ ಕಾಲದಲ್ಲಿ ಎಷ್ಟು ಮಕ್ಕಳು ಉಳಿಯುತ್ತಿದ್ದವು ಎಂಬ ಮಾತು ನನ್ನ ಬಾಯಿತನಕ ಬಂತು. ನುಂಗಿಕೊಂಡೆ.

ಮೇ 17, ಮಂಗಳವಾರ

ನಿನ್ನೆ ಇಲ್ಲಿಯ ಆಹಾರ-ಔಷಧ ಇಲಾಖೆ ಎಫ್‌ಡಿಎ ಮಗುವಿನ ಪುಡಿಯ ಆಮದಿನ ನಿಯಮ ಸಡಿಲಿಸಿತಂತೆ. ಅಳಿಯನ ಕೈಯಲ್ಲಿ ಪ್ರಿಂಟು ತೆಗೆಸಿ, ಪೆನ್ಸಿಲು ಹಿಡಿದು ಎರಡು ಸಲ ಓದಿದೆ. "ಅಂತೂ ನಿಮಗೊಂದು ಕೆಲಸ ಸಿಕ್ಕಿತು" ಎಂದಳು ಇವಳು.

ನನಗೆ ಅರ್ಥವಾದದ್ದು ಇಷ್ಟು. ಕಾನೂನು ಇದ್ದಲ್ಲಿಯೇ ಇದೆ. ಪುಡಿಯಲ್ಲಿ ಏನೇನಿದೆ, ಕಾರ್ಖಾನೆಯ ತಪಾಸಣೆ ಹೇಗಾಗಿದೆ, ಸೂಕ್ಷ್ಮಜೀವಿ ಪರೀಕ್ಷೆಯಲ್ಲಿ ಏನು ಬಂತು, ಲೇಬಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನೆಲ್ಲ ಹೊರದೇಶದ ಕಂಪನಿ ಬರೆದು ಕೊಡಬೇಕು. ಮಗುವಿಗೆ ಸುರಕ್ಷಿತ, ಪೌಷ್ಟಿಕಾಂಶ ಸಾಕಷ್ಟಿದೆ ಎಂದು ಕಂಡರೆ ಉಳಿದ ಸಣ್ಣಪುಟ್ಟ ತಪ್ಪುಗಳಿಗೆ ಸರಕು ತಡೆಯುವುದಿಲ್ಲ. ಅದೂ ನವೆಂಬರ್ 14ರ ತನಕ. ಪತ್ರಿಕೆಯವರು ಬಾಗಿಲು ತೆರೆಯಿತು ಎಂದು ಬರೆದಿದ್ದಾರೆ. ಕಾವಲಿನವನು ಆರು ತಿಂಗಳು ಆ ಕಡೆ ಮುಖ ಮಾಡಿ ನಿಲ್ಲಲು ಒಪ್ಪಿದ್ದಾನೆ, ಅಷ್ಟೆ. ಇಂಥ ರಿಯಾಯಿತಿಗಳನ್ನು ಪಣಂಬೂರಿನಲ್ಲಿ ಬಹಳ ಕಂಡಿದ್ದೇನೆ. ಗೇರುಬೀಜವೋ ಮರದ ದಿಮ್ಮಿಯೋ ಹಡಗಿನಲ್ಲಿರುವಾಗಲೇ ಗಡುವು ಮುಗಿದು, ಬಂದರಿನಲ್ಲಿ ಸರಕು ಉಳಿದದ್ದಕ್ಕೆ ಡೆಮರೇಜು ದಂಡ ಕಟ್ಟುತ್ತ ಕುಳಿತ ವ್ಯಾಪಾರಿಗಳನ್ನೂ ಕಂಡಿದ್ದೇನೆ.

ಈ ಮೊದಲು ಹೇಗಿತ್ತು? ಕಳೆದ ವರ್ಷವಷ್ಟೇ ಫಿಲಡೆಲ್ಫಿಯಾದ ಕಸ್ಟಮ್ಸಿನವರು ಜರ್ಮನಿ, ನೆದರ್ಲೆಂಡಿನಿಂದ ಬಂದ ಮಗುವಿನ ಪುಡಿಯ 588 ಪೆಟ್ಟಿಗೆಗಳನ್ನು ಎಫ್‌ಡಿಎ ನಿಯಮಕ್ಕೆ ಹೊಂದುವುದಿಲ್ಲವೆಂದು ಜಪ್ತಿ ಮಾಡಿದ್ದರು. ಫಿಲಡೆಲ್ಫಿಯಾ ಇಲ್ಲಿಂದ ಎಷ್ಟು ಮಹಾ ದೂರ? ನಿನ್ನೆಯ ಕಳ್ಳಮಾಲು ಇವತ್ತು ಸರಕಾರಿ ಅತಿಥಿ.

ಆದರೂ ನಿಯಮ ಮಾಡಿದವರು ಮೂರ್ಖರೆಂದು ಬರೆಯಲು ಮನಸ್ಸಾಗುವುದಿಲ್ಲ. 1978–79ರಲ್ಲಿ ಇಲ್ಲಿಯ ಒಂದು ಕಂಪನಿಯ ಸೋಯಾ ಪುಡಿಯಲ್ಲಿ ಕ್ಲೋರೈಡ್ ಸಾಲದೆ ಮಕ್ಕಳು ಕಾಯಿಲೆ ಬಿದ್ದವು. ಉಪ್ಪಿನಲ್ಲಿ ಇರುವ ಪದಾರ್ಥ ಅದು. ಮಗುವಿನ ಪುಡಿಯ ಮೇಲಿನ 1980ರ ಕಾನೂನು ಹುಟ್ಟಿದ್ದು ಅದರಿಂದ. ಹಾಗಾಗಿ ಪರೀಕ್ಷೆ ಇರಲಿ. ಪರೀಕ್ಷೆಯ ಹೆಸರಿನಲ್ಲಿ ಗೋಡೆ ಯಾಕೆ ಎಂಬುದಷ್ಟೇ ನನ್ನ ತಕರಾರು.

ಮೇ 23, ಸೋಮವಾರ

ಟಿವಿಯಲ್ಲಿ ಇಡೀ ದಿನ ವಿಮಾನ. ಜರ್ಮನಿಯ ರಾಮ್‌ಸ್ಟೈನ್ ಸೇನಾ ನೆಲೆಯಿಂದ ನಿನ್ನೆ ಇಂಡಿಯಾನಾಪೊಲಿಸಿಗೆ ಬಂದ ಸಿ-17. 132 ಪ್ಯಾಲೆಟ್ ಮಗುವಿನ ಪುಡಿ, 78,000 ಪೌಂಡ್. ನಮ್ಮ ಲೆಕ್ಕದಲ್ಲಿ 35 ಟನ್, ಇಪ್ಪತ್ತಡಿಯ ಹದಿಮೂರು ಕಂಟೇನರಿನಷ್ಟು ಜಾಗ. ಬರಮಾಡಿಕೊಳ್ಳಲು ಕೃಷಿ ಸಚಿವರೇ ಹೋಗಿದ್ದರು. ಹದಿಮೂರು ಕಂಟೇನರಿಗೆ ನಮ್ಮಲ್ಲಿ ಒಬ್ಬ ಎಕ್ಸಾಮಿನರ್ ಬಂದರೆ ಹೆಚ್ಚು.

ಅದು ನಮ್ಮ ಪುಟ್ಟಿ ಕುಡಿಯುವ ಪುಡಿ ಅಲ್ಲ. ದನದ ಹಾಲು ಒಗ್ಗದ ಮಕ್ಕಳಿಗಾಗಿ ಮಾಡಿದ್ದು. ಕೆಳಮನೆಯ ಹುಡುಗಿಯ ಮಗುವಿಗೆ ಅಂಥದೇ ಬೇಕು. ಅವಳು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವಳು, ಪೆರು ದೇಶದ ಮೂಲ. ಸರಕಾರದ ವಿಕ್ ಯೋಜನೆಯ ಕಾರ್ಡಿದೆ. ನಮ್ಮ ರೇಶನ್ ಕಾರ್ಡಿನ ಹಾಗೆ, ಬಡ ತಾಯಂದಿರಿಗೆ, ಮಕ್ಕಳಿಗೆ. ಅಮೆರಿಕದಲ್ಲಿ ಮಕ್ಕಳು ಕುಡಿಯುವ ಪುಡಿಯಲ್ಲಿ ಹೆಚ್ಚುಕಡಿಮೆ ಅರ್ಧ ಈ ಯೋಜನೆಯ ಮೂಲಕವೇ ಹೋಗುತ್ತದಂತೆ. ಒಂದೊಂದು ರಾಜ್ಯ ಒಂದೊಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ದೊಡ್ಡ ರಿಯಾಯಿತಿ ಪಡೆದು, ಕಾರ್ಡಿಗೆ ಆ ಕಂಪನಿಯ ಡಬ್ಬಿಯನ್ನೇ ಕೊಡುತ್ತದೆ. ಖಜಾನೆಗೆ ಉಳಿತಾಯ, ಸುಳ್ಳಲ್ಲ. ಆದರೆ ಒಪ್ಪಂದದ ಕಂಪನಿ ಎಡವಿತೋ, ಕಾರ್ಡು ಬರೀ ಪ್ಲಾಸ್ಟಿಕ್ಕು. ಮೊನ್ನೆ 21ಕ್ಕೆ ಅದನ್ನು ಸಡಿಲಿಸುವ ಕಾಯಿದೆಗೆ ಸಹಿ ಬಿದ್ದಿದೆ.

ಅಳಿಯನಿಗೆ ಲ್ಯಾಪ್‌ಟಾಪಿದೆ, ಕಾರಿದೆ, ಮನೆಯಿಂದಲೇ ಮಾಡುವ ಕೆಲಸವಿದೆ, ಬೇರೇನೂ ಕೆಲಸವಿಲ್ಲದ ಮಾವನೂ ಇದ್ದಾನೆ. ಆ ಹುಡುಗಿಗೆ ಇದೆಲ್ಲ ಎಲ್ಲಿಂದ? ಇಂಡಿಯಾನಾಪೊಲಿಸಿಗೆ ಬಂದದ್ದು ಅವಳ ಮೆಟ್ಟಿಲು ಹತ್ತಲು ಎಷ್ಟು ದಿನ ಬೇಕೋ. ಸಂಜೆ ಇವಳು ಅವಳಿಗೆ ಗಂಜಿ ಕೊಟ್ಟು ಬಂದಳು. ಭಾಷೆ ಬಾರದಿದ್ದರೂ ಅರ್ಧ ಗಂಟೆ ಅದೇನು ಮಾತಾಡಿದರೋ!

ಜೂನ್ 6, ಸೋಮವಾರ

ಓಕ್ ಟ್ರೀ ರೋಡಿನ ಗುಜರಾತಿ ಅಂಗಡಿಯವರ ಹತ್ತಿರ ಹರಟೆ. ದಿನಾ ನಾಲ್ಕು ಜನ ಬಂದು "ಇಂಡಿಯಾದ ಡಬ್ಬಿ ಇದೆಯಾ" ಎಂದು ಗುಟ್ಟಾಗಿ ಕೇಳುತ್ತಾರಂತೆ. "ಈಗ ನಿಯಮ ಸಡಿಲ ಅಲ್ಲವಾ, ತರಿಸಬಾರದೇ?" ಎಂದೆ. ಅವರು ನಕ್ಕುಬಿಟ್ಟರು. ಅರ್ಜಿ ಹಾಕಬೇಕಾದ್ದು ತಯಾರಿಸುವ ಕಂಪನಿ. ಒಪ್ಪಿಗೆ ಸಿಕ್ಕಿದ ಸರಕು ಸೇರುವುದು ದೊಡ್ಡ ಸರಣಿ ಅಂಗಡಿಗಳ ಗೋದಾಮಿಗೆ. "ನನ್ನಂಥವನು ಸಾಲ ಮಾಡಿ ಒಂದು ಕಂಟೇನರ್ ತರಿಸಿ, ಅದು ನವೆಂಬರ್ 15ಕ್ಕೆ ಬಂದು ನಿಂತರೆ, ಅಂಕಲ್?" ಎಂದರು. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ.

ಜೂನ್ 17, ಶುಕ್ರವಾರ

4ನೇ ತಾರೀಖು ತೆರೆದಿದ್ದ ಸ್ಟರ್ಜಿಸ್ ಕಾರ್ಖಾನೆಗೆ ಬಿರುಮಳೆಯ ನೀರು ನುಗ್ಗಿ ಮತ್ತೆ ಮುಚ್ಚಿದೆ. ಗ್ರಹಚಾರ. ಪುಟ್ಟಿ ಮಗುಚಿ ಬೀಳಲು ಒದ್ದಾಡುತ್ತಿದ್ದಾಳೆ.

ಜುಲೈ 2, ಶನಿವಾರ

ನಿನ್ನೆ ಇಂಗ್ಲೆಂಡಿನ ಡಬ್ಬಿ ಬಂತು! ಕೆಂಡಮಿಲ್. ವಾಯವ್ಯ ಇಂಗ್ಲೆಂಡಿನ ಕೆಂಡಲ್ ಎಂಬ ಊರಿನದು. ಮೇ ತಿಂಗಳಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು, ಸುಮಾರು 20 ಲಕ್ಷ ಡಬ್ಬಿಯ ಲೆಕ್ಕದಲ್ಲಿ. ಮೂರೇ ದಿನದ ಬಳಿಕ ಆಸ್ಟ್ರೇಲಿಯಾದ ಬಬ್ಸ್ ಕಂಪನಿಗೆ ಸಿಕ್ಕಿತು, ಹನ್ನೆರಡೂವರೆ ಲಕ್ಷ ಡಬ್ಬಿಗೆ. ಹೀಗೆ ಹೆಸರು ಕೇಳದ ಕಂಪನಿಗಳಿಗೆ ಅದೃಷ್ಟ ಖುಲಾಯಿಸಿತು. ಅಮೆರಿಕದ ಮಾರುಕಟ್ಟೆಯ ಹತ್ತರಲ್ಲಿ ಒಂಬತ್ತು ಪಾಲನ್ನು ನಾಲ್ಕೇ ಕಂಪನಿಗಳು ಹಿಡಿದುಕೊಂಡಿದ್ದವು. ಇದು ಅವುಗಳಿಗೆ ಮೊದಲ ಚುರುಕು.

ಇಷ್ಟು ಖುಷಿಯಲ್ಲಿ ರಾತ್ರಿ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಎರಡು ಗಂಟೆಗೆ ಮಗು ಎದ್ದಿತು. ಅಳಿಯ ನಿದ್ದೆಗಣ್ಣಿನಲ್ಲಿ ಹಳೆಯ ಅಭ್ಯಾಸದಂತೆ 60 ಎಂಎಲ್ ನೀರಿಗೆ ಒಂದು ಚಮಚ ಹಾಕಿ ಕುಡಿಸಿದ. ಬೆಳಗ್ಗೆ ಕಾಫಿ ಕುಡಿಯುತ್ತ ನಾನು ಡಬ್ಬಿಯ ಹಿಂಬದಿ ಓದುತ್ತಿದ್ದೆ. ಲೇಬಲ್ ಓದದೆ ಇರಲಾರೆ, ಅದು ಕಸುಬಿನ ರೋಗ. ಇಲ್ಲಿಯ ಡಬ್ಬಿಯ ಚಮಚ 60 ಎಂಎಲ್‌ಗೆ ಒಂದು. ಈ ಡಬ್ಬಿಯ ಚಮಚ ಚಿಕ್ಕದು, 30 ಎಂಎಲ್‌ಗೇ ಒಂದು. ಡಬ್ಬಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ತಪ್ಪು ನಮ್ಮದು. ಕೂಸು ಕುಡಿದದ್ದು ಅರ್ಧಕ್ಕರ್ಧ ನೀರು.

ಡಾಕ್ಟರಿಗೆ ಫೋನು ಮಾಡಿದೆವು. ಒಂದು ಬಾಟಲಿಗೆ ಏನೂ ಆಗುವುದಿಲ್ಲ, ಆದರೆ ಹಾಗೇ ಮುಂದುವರಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು ಎಂದರಂತೆ. ಮಗಳು ಅತ್ತಳು. ಅಳಿಯ ಇಡೀ ದಿನ ಮಾತಾಡಲಿಲ್ಲ. "ಚಮಚವನ್ನು ಚಮಚದ ಹಾಗೆ ಮಾಡಲು ಏನು ಧಾಡಿ ಇವರಿಗೆಲ್ಲ?" ಎಂದು ಇವಳು ನಾಲ್ಕು ದೇಶಗಳನ್ನು ಒಟ್ಟಿಗೆ ಬೈದಳು. ಗಡಿ ದಾಟುವುದು ಪುಡಿ ಮಾತ್ರವಲ್ಲವಲ್ಲ. ಅಳತೆ ದಾಟುತ್ತದೆ, ಅಭ್ಯಾಸ ದಾಟುತ್ತದೆ. ಕುದಿಸಿದ ನೀರು 70 ಡಿಗ್ರಿಯಲ್ಲಿರುವಾಗಲೇ ಪುಡಿ ಹಾಕಬೇಕು ಎನ್ನುವುದು ಇಂಗ್ಲೆಂಡಿನ ಕ್ರಮ. ಇಲ್ಲಿ ಹೆಚ್ಚಿನವರು ನಲ್ಲಿ ನೀರಿಗೇ ಹಾಕುತ್ತಾರೆ. ಲೇಬಲ್ಲಿನ ನಿಯಮ ಬರೀ ಕಿರುಕುಳ ಎಂದು ಮೇ ತಿಂಗಳಲ್ಲಿ ಬರೆದುಬಿಡದೆ ಇದ್ದದ್ದು ಒಳ್ಳೆಯದಾಯಿತು.

ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಜುಲೈ 22, ಶುಕ್ರವಾರ

ನಿನ್ನೆ ಅಧ್ಯಕ್ಷರು ಇನ್ನೊಂದು ಕಾಯಿದೆಗೆ ಸಹಿ ಹಾಕಿದ್ದಾರೆ. ಡಿಸೆಂಬರ್ 31ರ ತನಕ ಮಗುವಿನ ಪುಡಿಗೆ ಆಮದು ಸುಂಕ ಇಲ್ಲ. ಸುಂಕದ ಪಟ್ಟಿ ತೆಗೆದು ನೋಡಿದರೆ ಹಳೆಯ ಗೆಳೆಯ ಸಿಕ್ಕಿದಂತಾಯಿತು: 1901.10. ಮಂಗಳೂರಿನಲ್ಲೂ ಅದೇ, ನ್ಯೂಯಾರ್ಕಿನಲ್ಲೂ ಅದೇ. ಆಮದಿನ ಕಾಗದ ಬಿಲ್ ಆಫ್ ಎಂಟ್ರಿಯಲ್ಲಿ ಈ ಆರು ಅಂಕಿಯನ್ನು ನಾನೇ ಕೈಯಾರೆ ತುಂಬಿದ್ದುಂಟು.

ಸುಂಕ ಎಷ್ಟಿತ್ತು? ಶೇ. 17.5. ಇಪ್ಪತ್ತು ಡಾಲರಿನ ಡಬ್ಬಿಗೆ ಮೂರೂವರೆ ಡಾಲರು ಬಂದರಿನಲ್ಲೇ ಏರುತ್ತಿತ್ತು. ಕೋಟಾ ಮೀರಿದ ಸರಕಿಗೆ ಕಿಲೋಗೆ ಒಂದು ಡಾಲರು ಮೂರೂವರೆ ಸೆಂಟು, ಅದರ ಮೇಲೆ ಶೇ. 14.9. ಇದು ಎದುರಿನ ಗೋಡೆ. ಬೇಲಿಯಾಚೆಯ ಕೆನಡಾಕ್ಕೆ ಇನ್ನೊಂದು ಬಗೆ. 2020ರಲ್ಲಿ ಜಾರಿಗೆ ಬಂದ ಮೂರು ದೇಶಗಳ ಒಪ್ಪಂದದ ಪ್ರಕಾರ, ಎರಡನೆಯ ವರ್ಷದಲ್ಲಿ 40,000 ಟನ್ ಮೀರಿ ಪುಡಿ ಹೊರಗೆ ಕಳಿಸಿದರೆ ಕೆನಡಾ ತಾನೇ ಕಿಲೋಗೆ ನಾಲ್ಕೂಕಾಲು ಕೆನಡಾ ಡಾಲರು ಸುಂಕ ಹಾಕಿಕೊಳ್ಳಬೇಕು. ನೆರೆಯವನು ಹೆಚ್ಚು ಮಾರದಂತೆ ಅವನ ಕೈಯಿಂದಲೇ ಬರೆಸಿಕೊಂಡ ಮುಚ್ಚಳಿಕೆ. ಅದು ಅಮೆರಿಕದ ಹಾಲಿನವರನ್ನು ಕಾಪಾಡಲು. ಹಾಲು ಕುಡಿಯುವವರಿಗೆ ಲಾಬಿ ಎಲ್ಲಿದೆ?

ಬಾಗಿಲು ಮುಚ್ಚುವುದೇ ತಪ್ಪೆಂದು ಹೇಳಲಾರೆ. ನಮ್ಮಲ್ಲೂ ಮುಚ್ಚಿತ್ತು. ವಿದೇಶಿ ವಿನಿಮಯ ಸಾಲದ 1950ರ ದಶಕದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು, ಆಗದು ಎಂದವರ ಎದುರಿಗೇ ಎಮ್ಮೆಯ ಹಾಲಿನಿಂದ ಮಗುವಿನ ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿದರು. ಗುಜರಾತಿನ ಅಮೂಲ್ ಅದನ್ನು ಡಬ್ಬಿಗೆ ತುಂಬಿತು. ನಮ್ಮ ಮಗಳು ಬೆಳೆದದ್ದೂ ಅಮೂಲ್ ಡಬ್ಬಿಯಲ್ಲಿ. ನಾವು ಬಾಗಿಲು ಮುಚ್ಚಿ ಒಳಗೆ ಒಂದು ಹೊಸ ಒಲೆ ಹಚ್ಚಿದೆವು. ಇವರು ಬಾಗಿಲು ಮುಚ್ಚಿ, ಇದ್ದ ಒಲೆಗಳನ್ನೂ ಲಾಭದ ಲೆಕ್ಕದಲ್ಲಿ ಕಡಿಮೆ ಮಾಡಿಕೊಂಡರು. ಹಾಗೆಂದು ನಮ್ಮದೇ ಸರಿ ಎಂದು ಎದೆ ತಟ್ಟುವುದಿಲ್ಲ. ಆ ಡಬ್ಬಿಗೂ ನಾನು ಸಾಲಿನಲ್ಲಿ ನಿಂತವನೇ.

ಇನ್ನೊಂದು ವಿಚಿತ್ರ. ಆಸ್ಪತ್ರೆಯಿಂದ ಬರುವಾಗ ಮಗಳಿಗೆ ಒಂದು ಚೀಲ ತುಂಬ ಪುಕ್ಕಟೆ ಪುಡಿ ಕೊಟ್ಟು ಕಳಿಸಿದ್ದರು. ನಮ್ಮಲ್ಲಿ 1992ರ ಕಾಯಿದೆಯ ಬಳಿಕ ಇದಕ್ಕೆ ಜಾಹೀರಾತೂ ಇಲ್ಲ, ಪುಕ್ಕಟೆ ಮಾದರಿಯೂ ಇಲ್ಲ. ತರಿಸಲು ಅಷ್ಟು ಬಿಗಿ, ಹಂಚಲು ಇಷ್ಟು ಧಾರಾಳ!

ಆಗಸ್ಟ್ 29, ಸೋಮವಾರ

ಸ್ಟರ್ಜಿಸ್‌ನಲ್ಲಿ ಅಬಾಟ್‌ನ ಸಿಮಿಲಾಕ್ ಪುಡಿಯ ತಯಾರಿ ಮತ್ತೆ ಶುರುವಾಗಿದೆಯಂತೆ. ಕಪಾಟಿನಲ್ಲಿ ಎರಡು ಸಾಲು ಡಬ್ಬಿ ಕಂಡೆ. ಕೆಳಮನೆಯ ಮಗುವಿಗೆ ಬೇಕಾದ ಪುಡಿ ಮಾತ್ರ ಈಗಲೂ ಫೋನು ಮಾಡಿ, ಕಾದು, ತರಿಸಬೇಕು. ಆ ಹುಡುಗಿ ರಾತ್ರಿ ಪಾಳಿ ಮುಗಿಸಿ ಮಲಗಿರುವಾಗ ಫೋನಿನಲ್ಲಿ ಕಾಯುವ ಕೆಲಸ ನನ್ನದು. ನನ್ನ ಇಂಗ್ಲಿಷು ಕೇಳಿ ಆ ಕಡೆಯವರು ಎರಡು ಸಲ ಫೋನಿಟ್ಟರು. ಮೂರನೆಯ ಸಲ ಆರ್ಡರು ಬರೆದುಕೊಂಡರು.

ಅಕ್ಟೋಬರ್ 1, ಶನಿವಾರ

ನಾಳೆ ಹೊರಡುವುದು. ನಿನ್ನೆಯಷ್ಟೇ ಎಫ್‌ಡಿಎ ಗಡುವು ಬೆಳೆಸಿದೆ. ಈಗ ತರುತ್ತಿರುವ ಕಂಪನಿಗಳಿಗೆ ಜನವರಿ 6ರ ತನಕ, ಪೂರ್ತಿ ಒಪ್ಪಿಗೆಗೆ ಕಾಗದಪತ್ರ ಸಲ್ಲಿಸುವವರಿಗೆ 2025ರ ಅಕ್ಟೋಬರ್ 18ರ ತನಕ. ಬೀಳ್ಕೊಡಲು ಬಂದ ಗುಜರಾತಿ ಅಂಗಡಿಯವರಿಗೆ ಹೇಳಿದೆ. "ಮೂರು ವರ್ಷವಾ? ಹಾಗಾದರೆ ಯಾರಾದರೂ ಡಿಸ್ಟ್ರಿಬ್ಯೂಟರನ್ನು ವಿಚಾರಿಸಬಹುದು" ಎಂದರು. ಎಫ್‌ಡಿಎ ಮೇ ತಿಂಗಳಲ್ಲೇ ಹೀಗೆ ಹೇಳಿದ್ದರೆ ಅಂಗಡಿಯವರು ಜೂನಿನಲ್ಲೇ ವಿಚಾರಿಸುತ್ತಿದ್ದರು.

ಇವಳು ಮಣ್ಣಿ ಮಾಡುವ ರಾಗಿ ಪುಡಿಯ ಡಬ್ಬಕ್ಕೆ ಹೆಸರು ಬರೆದು ಇಟ್ಟಿದ್ದಾಳೆ, ಆರು ತಿಂಗಳು ತುಂಬಿದ ಮೇಲೆ ಕೊಡಲು. ಕಪಾಟಿನಲ್ಲಿ ಹಾಲಿನ ಪುಡಿಯ ಡಬ್ಬಿ ಐದು ಇವೆ: ಇಲ್ಲಿಯವು ಮೂರು, ಇಂಗ್ಲೆಂಡಿನವು ಎರಡು. ಫ್ರಿಜ್ಜಿನ ಮೇಲಿನ ಚೀಟಿ ತೆಗೆಯಬಾರದೆಂದು ಅಳಿಯನಿಗೆ ಹೇಳಿದ್ದೇನೆ. ಇಲ್ಲಿಯದು 60ಕ್ಕೆ ಒಂದು ಚಮಚ, ಇಂಗ್ಲೆಂಡಿನದು 30ಕ್ಕೆ ಒಂದು.