ಗೋಡೆಯಾಚೆಯ ದನಿ

ಯಾವ ಯಂತ್ರ ಕೆಟ್ಟರೂ ಮೊದಲು ತಟ್ಟಿ ನೋಡುವುದು ನಮ್ಮ ವಂಶದ ಪದ್ಧತಿ. ನಮ್ಮ ತಂದೆಯವರು ರೇಡಿಯೋವನ್ನು ತಟ್ಟುತ್ತಿದ್ದರು, ಅದು ಹಾಡುತ್ತಿತ್ತು. ನಾನು ಟಿ.ವಿ.ಯನ್ನು ತಟ್ಟಿದೆ, ಅದೂ ಒಮ್ಮೊಮ್ಮೆ ಮಾತು ಕೇಳಿದ್ದುಂಟು. ಆದರೆ ತಂತಿಯೇ ಇಲ್ಲದ ಸಂಪರ್ಕ ಕೆಟ್ಟರೆ ತಟ್ಟುವುದು ಯಾವುದನ್ನು?

ನಮ್ಮದು ಮೈಸೂರಿನ ಹಳೆಯ ಮನೆ. ಒಂದೂವರೆ ಅಡಿ ದಪ್ಪದ ಗೋಡೆಗಳು. ನಡುಮನೆಯಲ್ಲಿ ರೌಟರ್, ಅದಕ್ಕೆ ತಂತಿಯಿಂದ ಜೋಡಿಸಿದ ಒಂದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕುಗಳು. ಬಲ್ಲವರು ಇದನ್ನು ಸರ್ವರ್ ಎನ್ನುತ್ತಾರೆ. ನಮ್ಮ ತಾಯಿಯವರು ಕರೆಯುವುದು ‘ಅವರ ಪೆಟ್ಟಿಗೆ’ ಎಂದು. 2014ರಲ್ಲಿ ತೀರಿಕೊಂಡ ತಂದೆಯವರ ಭಾರತ ವಾಚನದ 42 ಕ್ಯಾಸೆಟ್ಟುಗಳ ದನಿ ಅದರಲ್ಲಿದೆ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಎಂದೋ ಹಾಳಾದುವು. ಈಗ ಆ ದನಿಗೆ ಈ ಪೆಟ್ಟಿಗೆಯೇ ಗತಿ.

ಅಡುಗೆಮನೆಯ ಆಚೆಗಿನ ಕೋಣೆಯಲ್ಲಿ ಕುಳಿತು ತಾಯಿಯವರು ರಾತ್ರಿ ಎಂಟಕ್ಕೆ ಮೊಬೈಲಿನಲ್ಲಿ ಅದನ್ನು ಕೇಳುತ್ತಾರೆ. ಕೆಲವು ತಿಂಗಳಿಂದ ವಾಚನ ನಡುನಡುವೆ ನಿಂತುಹೋಗತೊಡಗಿತು. “ಅವರಿಗೆ ಕೆಮ್ಮು ಬಂತೇನೋ” ಎಂದು ತಾಯಿಯವರು ಮೊದಲ ದಿನ ನಕ್ಕರು. ನಾಲ್ಕನೆಯ ದಿನ ನಗಲಿಲ್ಲ.

ನಾನು ಪೆಟ್ಟಿಗೆಯ ಮೇಲೆಯೇ ಅನುಮಾನಪಟ್ಟೆ. ಆರಿಸಿ ಹೊತ್ತಿಸಿದೆ, ವಂಶಧರ್ಮದಂತೆ ಒಮ್ಮೆ ತಟ್ಟಿಯೂ ನೋಡಿದೆ. ಕೊನೆಗೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ಆಜ್ಞೆಯೊಂದು ಕಣ್ಣಿಗೆ ಬಿತ್ತು. ಅದನ್ನು ಒತ್ತುವ ಮುನ್ನ, ಈಗ ಎಂಜಿನಿಯರಾಗಿರುವ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದ್ದು ಯಾರ ಪುಣ್ಯವೋ!

“ಅಯ್ಯೋ ಸಾರ್, ಮುಟ್ಟಬೇಡಿ! ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋದೀತು. ಮೊದಲು ಲ್ಯಾಪ್‌ಟಾಪನ್ನು ತಂತಿಯಲ್ಲೇ ರೌಟರಿಗೆ ಸೇರಿಸಿ ಕೇಳಿ.”

ಕೇಳಿದೆ. ಒಂದು ಗಂಟೆ ದನಿ ಎಲ್ಲಿಯೂ ಕಡಿಯಲಿಲ್ಲ. ಪೆಟ್ಟಿಗೆ ನಿರಪರಾಧಿ; ದೋಷವಿದ್ದದ್ದು ದಾರಿಯಲ್ಲಿ. ಮೊಬೈಲನ್ನು ರೌಟರಿನ ಬಳಿ ಹಿಡಿದೆ, ಸರಿಯಿತ್ತು. ತಾಯಿಯವರ ಕೋಣೆಯಲ್ಲಿ ಮಧ್ಯಾಹ್ನ ಕೇಳಿದೆ, ಅಲ್ಲಿಯೂ ತಕ್ಕಮಟ್ಟಿಗೆ ಸರಿಯಿತ್ತು. ಕೆಡುತ್ತಿದ್ದದ್ದು ರಾತ್ರಿ ಎಂಟಕ್ಕೆ ಮಾತ್ರ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಹೋಗಿ ನಿಂತೆ. ನನ್ನಾಕೆ ಸಾರಿನ ಬಟ್ಟಲನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ಗುಂಡಿ ಒತ್ತಿದಳು. ಗೋಡೆಯಾಚೆ ದನಿ ನಿಂತಿತು. ನಮ್ಮ ಮನೆಯಲ್ಲಿ ಭಾರತಕ್ಕೂ ಸಾರಿಗೂ ಯುದ್ಧ!

ಶಿಷ್ಯ ಕಾರಣ ಹೇಳಿದ. ಆ ಒಲೆ ಬಳಸುವ ಅಲೆ ಸುಮಾರು 2.45 ಗಿಗಾಹರ್ಟ್ಸ್, ನಮ್ಮ ವೈ-ಫೈ ನಡೆಯುತ್ತಿದ್ದದ್ದು 2.4ರ ಪಟ್ಟಿಯಲ್ಲಿ. ಒಲೆಯಿಂದ ಸೋರುವ ಅಲ್ಪ ಅಲೆ ಅಡುಗೆ ಮಾಡುವವರನ್ನು ಬಾಧಿಸದು. ಆದರೆ ಗೋಡೆ ದಾಟಿ ಬಳಲಿ ಬಂದ ವೈ-ಫೈಯನ್ನು ಮುಳುಗಿಸಲು ಅಷ್ಟೇ ಸಾಕು. 5 ಗಿಗಾಹರ್ಟ್ಸಿನ ಪಟ್ಟಿಗೆ ಈ ಗದ್ದಲ ತಟ್ಟುವುದಿಲ್ಲ, ಆದರೆ ದಪ್ಪ ಗೋಡೆಯೆಂದರೆ ಅದು ಇನ್ನೂ ಬೇಗ ಸೋಲುತ್ತದೆ. ಆದ್ದರಿಂದ ಗೋಡೆಯಂಚಿನಲ್ಲಿ ಒಂದು ಕೇಬಲ್ ಎಳೆದು, ತಾಯಿಯವರ ಕೋಣೆಯಲ್ಲೇ 5ರಲ್ಲಿ ನಡೆಯುವ ಇನ್ನೊಂದು ಸಣ್ಣ ರೌಟರನ್ನು ಇಟ್ಟೆವು. ತಂತಿಯಿಲ್ಲದ ಸೌಕರ್ಯಕ್ಕೆ ಕೊನೆಗೆ ತಂತಿಯೇ ಬೇಕಾಯಿತು.

“ಡಿಸ್ಕು ಎರಡಿದೆಯೆಂದು ನಿಶ್ಚಿಂತೆಯಾಗಿರಬೇಡಿ ಸಾರ್. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಸುತ್ತದೆ” ಎಂದೂ ಶಿಷ್ಯ ಎಚ್ಚರಿಸಿದ. ಅದರಂತೆ ಪ್ರತಿಯೊಂದನ್ನು ಮಾಡಿ ಶಿವಮೊಗ್ಗದ ತಂಗಿಯ ಮನೆಗೆ ಕಳುಹಿಸಿದ್ದೇನೆ.

ಇಷ್ಟೆಲ್ಲ ಆದ ಮೇಲೆ ತಾಯಿಯವರಿಗೆ ವಿವರಿಸಿದೆ: “ಅಮ್ಮಾ, ಪೆಟ್ಟಿಗೆಯಲ್ಲಿ ಎಲ್ಲ ಭದ್ರವಾಗಿಯೇ ಇತ್ತು. ನಿಮ್ಮ ಹತ್ತಿರ ಬರುವ ದಾರಿಯಲ್ಲಿ ತೊಂದರೆ, ಅಷ್ಟೆ.”

ಎಪ್ಪತ್ತೆಂಟರ ತಾಯಿಯವರು ಈಚೆಗೆ ಹೆಸರುಗಳನ್ನು ಮರೆಯುತ್ತಾರೆ. ಮೊನ್ನೆ ನನ್ನನ್ನೇ ತಮ್ಮನ ಹೆಸರಿನಿಂದ ಕರೆದಿದ್ದರು.

“ನನಗೂ ಹಾಗೇ ಕಣೋ” ಎಂದರು. “ಎಲ್ಲಾ ಒಳಗೇ ಇದೆ. ಕರೆದಾಗ ಬರೋದಿಲ್ಲ, ಅಷ್ಟೆ. ನೀನು ಅವಸರಪಟ್ಟು ತಟ್ಟಬೇಡ.”

ಈಗ ರಾತ್ರಿ ಎಂಟಕ್ಕೆ ಸಾರೂ ಬಿಸಿಯಾಗುತ್ತದೆ, ವಾಚನವೂ ನಡೆಯುತ್ತದೆ. ತಾಯಿಯವರು ಯಾವುದಾದರೊಂದು ಹೆಸರಿಗಾಗಿ ತಡಕಾಡಿದಾಗ, ನಾನು ಬಾಯಿ ಹಾಕದೆ ಕಾಯುತ್ತೇನೆ.