ಹಿನ್ನೀರಿನ ದಂಡೆಯಲ್ಲಿ

ಕಡಲ ದಂಡೆಯಲ್ಲಿ ಅಡ್ಡಾಡುವ ಸುಖ ನಮ್ಮ ಬಿಸಿಲ ಜಿಲ್ಲೆಯವರಿಗೆ ಎಲ್ಲಿಂದ ಬರಬೇಕು ಹೇಳಿ? ಇಂಡಿ, ಸಿಂದಗಿಯ ಕಡೆಯವರು ತುಂಬಿದ ಕೆರೆ ಕಂಡರೇ ಕೈಮುಗಿಯುತ್ತಾರೆ. ಆದರೆ ನನ್ನ ತವರಿನವರಿಗೆ ಒಂದು ಸಮುದ್ರವಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಅದರ ತಳದಲ್ಲಿ ನಮ್ಮಪ್ಪನ ಮನೆಯಿದೆ, ಹೊಲವಿದೆ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದಂಡೆಯ ನೆಲ ಬಯಲಾಗುತ್ತದೆ. ಹೋದ ವರ್ಷ ಏಪ್ರಿಲ್ ರಜೆಯಲ್ಲಿ ಅಣ್ಣನ ಮಗ ಹೊಸ ಕ್ಯಾಮೆರಾ ಹಿಡಿದು ಬಂದ. “ಅತ್ತಿ, ರಾಜಹಂಸ ಬಂದಾವಂತ, ನಡೀರಿ ನೋಡೂಣು” ಎಂದ. ಮೊಣಕಾಲು ನೋವನ್ನು ಬಸವನ ಬಾಗೇವಾಡಿಯ ಮನೆಯಲ್ಲಿಯೇ ಬಿಟ್ಟು ನಿಡಗುಂದಿಯ ಬಸ್ಸು ಹತ್ತಿದೆ.

ರಾಜಹಂಸಗಳೇನೋ ಇದ್ದವು. ತೆಳುನೀರಿನಲ್ಲಿ ಉದ್ದ ಕಾಲೂರಿ, ತಲೆಕೆಳಗಾಗಿ ಕೊಕ್ಕು ಅದ್ದಿ ಕೆಸರು ಸೋಸುತ್ತಿದ್ದವು. ತಿನ್ನುವ ಪಾಚಿ, ಸಣ್ಣ ಜಲಜೀವಿಗಳಿಂದಲೇ ಅವುಗಳಿಗೆ ಆ ಗುಲಾಬಿ ಬಣ್ಣ. ನನ್ನ ಮೊಬೈಲಿನಲ್ಲಿ ಮಾತ್ರ ಬರೀ ಬಿಳಿ ಚುಕ್ಕೆ ಬಿದ್ದವು!

ಮರಳುವಾಗ ಹತ್ತು ಗಂಟೆಯ ಬಿಸಿಲು ಸುಡುತ್ತಿತ್ತು. ಟಿಟ್ಟಿಭವೊಂದು ನೆತ್ತಿಯ ಮೇಲೆ ಚೀರತೊಡಗಿತು. ಕಾಲಬುಡದಲ್ಲಿ ಹರಳು ಸುತ್ತಿದ ತಗ್ಗು. ಅದರಲ್ಲಿ ಮಣ್ಣಿನ ಬಣ್ಣದ, ಕರಿ ಮಚ್ಚೆಯ ನಾಲ್ಕು ತತ್ತಿ. ಹುಡುಗ ಮಂಡಿಯೂರಿದ. “ತಾಯಿ ಬಂದು ಕೂಡಲಿ ಅತ್ತಿ, ಫೋಟೋ ಛಲೋ ಬರತೈತಿ.” ನಾನೂ ಮೊಬೈಲು ಹಿಡಿದು ಕಾದೆ.

ಕಾಲು ಗಂಟೆ ಕಳೆಯಿತು. ಹಕ್ಕಿ ನೀರಿಗೆ ಓಡಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂತು. ಬಿಸಿಲಿಗೆ ಕಾದ ತತ್ತಿಗಳನ್ನು ಅದು ತಣಿಸುವುದು ಹಾಗೆಯೇ. ನಮ್ಮನ್ನು ಕಂಡು ನಿಂತಿತು, ಸುತ್ತಿತು, ಚೀರಿತು. ಗರಿಯ ನೀರು ಆರಿಹೋಯಿತು.

ಆಗ ನೆನಪಾದಳು ಅವ್ವ. ಊರು ಬಿಡುವ ದಿನ ಸಾಮಾನು ಹೇರಿದ ಮೇಲೂ ಅವಳು ಖಾಲಿ ಮನೆಯ ಸುತ್ತ ತಿರುಗುತ್ತಲೇ ಇದ್ದಳು. “ಲಗೂ ಬಾ ಅವ್ವ, ಟ್ರ್ಯಾಕ್ಟರ್ ನಿಂತೈತಿ. ಒಂದು ಫೋಟೋ ತಗಸೂಣು, ನಗು” ಎಂದು ಗದರಿದವಳು ನಾನೇ. ಆ ಫೋಟೋ ಇಂದಿಗೂ ಇದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದೇವೆ, ಅವ್ವ ಬಾಗಿಲ ಕಡೆ ಹೊರಳಿದ್ದಾಳೆ. ನಗಲಿಲ್ಲವೆಂದು ನಾನು ಎಷ್ಟೋ ದಿನ ಸಿಟ್ಟಾಗಿದ್ದೆ.

ಪಂಚತಂತ್ರದಲ್ಲಿ ಟಿಟ್ಟಿಭದ ತತ್ತಿಗಳನ್ನು ಸಮುದ್ರ ಒಯ್ದಾಗ ಗರುಡ ನೆರವಿಗೆ ಬಂದ ಕತೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ನಮ್ಮೂರಿಗೆ ಗರುಡ ಬರಲಿಲ್ಲ, ಪರಿಹಾರದ ಹಣ ಬಂತು.

“ನಡಿಯಪಾ, ತತ್ತಿ ಸುಡತಾವ” ಎಂದೆ. ಅವನಿಗೆ ಬೇಸರವಾಯಿತು, ಆದರೂ ಎದ್ದ. ದೂರದ ದಿಬ್ಬದಿಂದ ಹೊರಳಿ ನೋಡಿದೆವು. ಹಕ್ಕಿ ಮತ್ತೆ ನೀರಿಗೆ ಹೋಗಿ ಬಂದು, ಮೆಲ್ಲಗೆ ತತ್ತಿಗಳ ಮೇಲೆ ಕುಳಿತಿತು.

ಬಸ್ಸಿನಲ್ಲಿ ಬೆರಳು ಎಣಿಸಿದೆ. ಮರಿಯಾಗಲು ಸುಮಾರು 28 ದಿನ. ಹಿನ್ನೀರು ಏರುವುದು ಮಳೆಗಾಲಕ್ಕೆ. ಈ ಸಲ ವೇಳೆ ಇದೆ.