ಪಾದರಕ್ಷೆಯ ಚಿತ್ರೀಕರಣವೂ ದೀಪದ ಹುಳುವೂ

ಕಳೆದ ಆಷಾಢದಲ್ಲಿ ನನ್ನ ತಮ್ಮನ ಮಗನು ಸ್ನೀಕರ್ ಕಂಪನಿಯೊಂದರ ಜಾಹೀರಾತು ಚಿತ್ರೀಕರಣದ ಯೋಜನೆಯನ್ನು ಬರೆದುಕೊಂಡು ಅಂಗಡಿಗೆ ಬಂದನು. ಮೊದಲ ದಿನ ರಾಯಚೂರು ಕೋಟೆ, ಎರಡನೆಯ ದಿನ ಮಾನ್ವಿಯ ಕಾಲುವೆ ಬಯಲು, ಮೂರನೆಯ ರಾತ್ರಿ ದೇವದುರ್ಗದ ನಮ್ಮ ಹತ್ತಿ ಗೋದಾಮು. ಅದಕ್ಕೆ ಬಾಡಿಗೆಯೂ ಉಂಟು.

ಕೋಟೆಯಲ್ಲಿ 1294ರ ಶಾಸನವನ್ನು ಹೊತ್ತ ನೀಳ ಶಿಲೆಯಿದೆ. ಅದನ್ನು ಗಾಡಿಯಲ್ಲಿ ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಅದರ ಮುಂದೆ ಶೂ ಇಡಬೇಡ, ಅನುಮತಿಯಿಲ್ಲದೆ ಕ್ಯಾಮರಾ ಒಯ್ಯಬೇಡ ಎಂದೆನು. ಅವನು ಒಪ್ಪಿದನು.

ಬಳಿಕ ಶೂಗಳನ್ನೇ ತರಿಸಿ ನೋಡಿದೆನು. ಒಳಚೀಟಿಯಲ್ಲಿ ಚಾಚಿದ ತೊಗಲಿನ ಗುರುತಿತ್ತು. ಬಟ್ಟೆಗೆ ಹೆಣಿಗೆಯ ಗುರುತು, ಇತರ ವಸ್ತುಗಳಿಗೆ ವಜ್ರಾಕೃತಿ. ‘ಸ್ವೇಡ್’ ಎಂದರೆ ಮಖಮಲ್ಲಿನಂಥ ಬಟ್ಟೆಯೆಂದು ತಿಳಿದ ಶ್ರಾವಕರು ನಮ್ಮಲ್ಲಿ ಅನೇಕರು, ಅದೂ ತೊಗಲೇ. ನನ್ನ ಗೋದಾಮಿನಲ್ಲಿ ಕ್ಯಾನ್ವಾಸಿನ ಜೋಡು ಮಾತ್ರವೆಂದು ಷರತ್ತು ಹಾಕಿದೆನು. ಕಂಪನಿಯವರು ಅದನ್ನೂ ಒಪ್ಪಿದರು.

ಉಳಿದದ್ದು ರಾತ್ರಿಯ ದೀಪಗಳು. ಮಳೆಗಾಲದಲ್ಲಿ ಅಂಥ ಪ್ರಖರ ಬೆಳಕಿಗೆ ಮುತ್ತಿ ಸಾಯುವ ಹುಳುಗಳಿಗೆ ಲೆಕ್ಕವುಂಟೆ? ಚಾತುರ್ಮಾಸದಲ್ಲಿ ಇದು ನಡೆಯದು ಎಂದೆನು.

“ದೊಡ್ಡಪ್ಪ, ಹತ್ತಿ ಸುಗ್ಗಿಯಲ್ಲಿ ನಿಮ್ಮ ಗೋದಾಮಿನ ದೀಪಗಳು ಬೆಳಗಿನವರೆಗೆ ಉರಿಯುತ್ತವಲ್ಲ?” ಎಂದು ಅವನು ಮೆಲ್ಲಗೆ ಕೇಳಿದನು.

ನಲವತ್ತು ವರ್ಷ ಸೂರ್ಯಾಸ್ತಕ್ಕೆ ಮುನ್ನ ಉಂಡವನು ನಾನು. ರಾತ್ರಿ ಲಾರಿ ತುಂಬಿಸುವಾಗ ದೀಪದಡಿಯ ರಾಶಿಯನ್ನು ಹಮಾಲರು ಪೊರಕೆಯಿಂದ ಗುಡಿಸುತ್ತಿದ್ದುದನ್ನು ಕಂಡಿದ್ದರೂ ಅದು ನನ್ನ ವ್ರತದ ಪರಿಧಿಗೆ ಸೇರಿರಲಿಲ್ಲ. ಉತ್ತರ ಹೊಳೆಯಲಿಲ್ಲ.

ಚಿತ್ರೀಕರಣವನ್ನು ಮುಂಜಾನೆಯ ಬಿಸಿಲಿಗೆ ಬದಲಿಸಿದರು; ಬಾಡಿಗೆ ಅರ್ಧವಾಯಿತು. ಮಾರ್ಗಶಿರದಿಂದ ನಮ್ಮ ಲಾರಿಗಳೂ ಹಗಲಿನಲ್ಲೇ ತುಂಬುತ್ತಿವೆ. ಲಾರಿ ನಿಂತ ದಿನದ ದಂಡವನ್ನು ಯಾವ ಖಾತೆಗೆ ಬರೆಯಬೇಕೆಂದು ಗುಮಾಸ್ತರು ಇನ್ನೂ ಕೇಳುತ್ತಿದ್ದಾರೆ.